ಸೂಕ್ತ ದಾಖಲೆಗಳಿಲ್ಲದ ದುಃಖ

ಕಾಯಿಲೆ ಬೀಳುವುದಾದರೆ ನಾಲ್ಕು ಜನರಿಗೆ ತೋರಿಸುವಂಥ ಕಾಯಿಲೆ ಬೀಳಬೇಕು. ಕಾಲು ಮುರಿದರೆ ಪ್ಲಾಸ್ಟರ್ ಇರುತ್ತದೆ, ಹೊಟ್ಟೆಯಲ್ಲಿ ಕಲ್ಲಾದರೆ ಸ್ಕ್ಯಾನಿಂಗ್ ಫೋಟೋ ಇರುತ್ತದೆ, ಏನೂ ಇಲ್ಲದಿದ್ದರೂ ಸಲೈನ್ ಹಚ್ಚಿದ ಕೈಗೆ ಒಂದು ಪಟ್ಟಿಯಾದರೂ ಇರುತ್ತದೆ. ನೋಡಲು ಬಂದವರು ಬಾಳೆಹಣ್ಣು ಕೊಟ್ಟು, ಪಟ್ಟಿ ನೋಡಿ ಲೊಚಗುಟ್ಟಿ, ಚಹಾ ಕುಡಿದು ಸಮಾಧಾನದಿಂದ ಎದ್ದು ಹೋಗುತ್ತಾರೆ. ನನಗೆ ಬಂದ ಕಾಯಿಲೆಯಲ್ಲಿ ತೋರಿಸುವಂಥದ್ದು ಒಂದೂ ಇರಲಿಲ್ಲ. ಖಿನ್ನತೆ ಎಂದು ಡಾಕ್ಟರು ಚೀಟಿಯಲ್ಲಿ ಬರೆದರು. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಓಣಿಯಲ್ಲಿ ಅದಕ್ಕೆ ಒಂದು ಬಾಳೆಹಣ್ಣೂ ಬರಲಿಲ್ಲ. ಬರೀ ಬುದ್ಧಿಮಾತು ಬಂತು. ಎಡಮನೆಯವರು ಬೆಳಿಗ್ಗೆ ಬೇಗ ಏಳಲು ಹೇಳಿದರು, ಬಲಮನೆಯವರು ಹೆಚ್ಚು ಹೊತ್ತು ಮಲಗಲು ಹೇಳಿದರು. ನನ್ನ ಭಾವಮೈದುನ ಫೋನಿನಲ್ಲಿ, ಮನಸ್ಸನ್ನು ಗಟ್ಟಿ ಮಾಡಿಕೊಳ್ಳಲು ಹೇಳಿದ. ಅದು ರೊಟ್ಟಿಯ ಹಿಟ್ಟೇನೋ ಎಂಬಂತೆ ಹೇಳಿದ.

ನಾನು ಟಿಕೋಟಾದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ನಾಲ್ಕು ವರ್ಷಗಳಿಂದ ಮುಂಜಾನೆ ಬಸ್ಸು ಹತ್ತಿ ಹೋಗಿ ಒಂದು ಕಿಟಕಿಯ ಹಿಂದೆ ಕೂರುತ್ತೇನೆ. ಜನ ಅರ್ಜಿ ಕೊಡುತ್ತಾರೆ. ಅರ್ಜಿಯಲ್ಲಿ ಏನಿದೆ ಎಂದು ನೋಡುವುದು ಮೇಲಿನವರ ಕೆಲಸ, ಏನಿಲ್ಲ ಎಂದು ನೋಡುವುದು ನನ್ನದು. ಆಧಾರ್ ಪ್ರತಿ ಇಲ್ಲ, ಹೊಲದ ಉತಾರ ಹಳೆಯದು, ಫೋಟೋದಲ್ಲಿ ಕಿವಿ ಕಾಣುವುದಿಲ್ಲ ಎಂದು ಹೇಳಿ ಕಳಿಸುವುದರಲ್ಲಿ ನನಗೆ ಒಂದು ಬಗೆಯ ಹೆಸರೂ ಇದೆ. ಕಳ್ಳಕವಟಗಿಯಿಂದ ಬಂದವರೊಬ್ಬರು, ಈ ಮನುಷ್ಯ ದೇವರು ಪ್ರತ್ಯಕ್ಷನಾದರೂ ವಿಳಾಸದ ಪುರಾವೆ ಕೇಳುತ್ತಾನೆ ಎಂದು ನನ್ನ ಎದುರೇ ಹೇಳಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಹೋದ ವರ್ಷ ದ್ರಾಕ್ಷಿ ಕಟಾವಿನ ಹೊತ್ತಿಗೆ ನನಗೆ ಏನೋ ಆಯಿತು. ಊಟ ರುಚಿ ಹತ್ತಲಿಲ್ಲ, ನಿದ್ದೆ ಹತ್ತಲಿಲ್ಲ, ಬಸ್ ನಿಲ್ದಾಣದಲ್ಲಿ ಕೂತು ನನ್ನದೇ ಬಸ್ಸು ಹೋಗುವುದನ್ನು ಸುಮ್ಮನೆ ನೋಡಿದೆ. ಎರಡು ತಿಂಗಳು ಹೀಗೇ ನಡೆಯಿತು. ನನ್ನ ಹೆಂಡತಿ ಶಾರದಾ ನೋಡುವಷ್ಟು ನೋಡಿದಳು, ಆಮೇಲೆ ಒಂದು ಪರೀಕ್ಷೆ ಮಾಡಿದಳು. ಬೇಕೆಂದೇ ಬೇಳೆಗೆ ಉಪ್ಪು ಹಾಕಲಿಲ್ಲ. ನಾನು ಸುಮ್ಮನೆ ಉಂಡು ಕೈ ತೊಳೆದೆ. ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. "ಉಪ್ಪಿಲ್ಲದ ಬ್ಯಾಳಿ ಒಂದ ಮಾತಿಲ್ದ ಉಂಡೀರಿ. ನಡ್ರಿ ಡಾಕ್ಟರ್ ಕಡೆ," ಅಂದಳು.

ಡಾಕ್ಟರು ರಕ್ತ ತೆಗೆದು ಎಲ್ಲ ನೋಡಿದರು. ಎಲ್ಲವೂ ಸರಿಯಾಗಿತ್ತು, ಅದೂ ನನಗೆ ಅವಮಾನವೇ ಅನಿಸಿತು. ಗುಳಿಗೆ ಬೇಕಾದರೆ ಆಮೇಲೆ ನೋಡೋಣ, ಮೊದಲು ಎಂಟು ವಾರ ಮಾತಿನ ಚಿಕಿತ್ಸೆಗೆ ಹೋಗಿ ಎಂದು ಮನಶ್ಶಾಸ್ತ್ರಜ್ಞೆ ನಸ್ರೀನ್ ಮೇಡಂ ಹತ್ತಿರ ಕಳಿಸಿದರು. ಮಾತಾಡಿದರೆ ಕಾಯಿಲೆ ವಾಸಿಯಾಗುವುದಿದ್ದರೆ ನಮ್ಮ ಓಣಿಯಲ್ಲಿ ಒಬ್ಬರಿಗೂ ನೆಗಡಿ ಕೂಡ ಬರಬಾರದಿತ್ತು ಎಂದು ಯೋಚಿಸುತ್ತಲೇ ಹೋದೆ. ಮಂಚದ ಮೇಲೆ ಮಲಗಿಸಿ ಬಾಲ್ಯವನ್ನು ಕೇಳುತ್ತಾರೆ ಎಂದುಕೊಂಡಿದ್ದೆ. ದಾರಿಯುದ್ದಕ್ಕೂ ಬಾಲ್ಯವನ್ನು ಜೋಡಿಸಿಕೊಂಡೂ ಇದ್ದೆ. ಅಲ್ಲಿ ಮಂಚ ಇರಲಿಲ್ಲ, ಎರಡು ಕುರ್ಚಿ ಇದ್ದವು. ಬಾಲ್ಯದ ಸುದ್ದಿಯನ್ನೂ ಅವರು ಎತ್ತಲಿಲ್ಲ. ಎಂಟು ವಾರ ಆದಮೇಲೆ ಏನು ಬದಲಾಗಿರಬೇಕು ಎಂದು ಕೇಳಿದರು.

ನಾನು, ಮೊದಲಿನ ಹಾಗೆ ಆಗಬೇಕು ಎಂದೆ. ಮೊದಲು ಮಾಡುತ್ತಿದ್ದದ್ದು ಈಗ ಮಾಡದೇ ಇರುವುದು ಯಾವುದು ಎಂದು ಮತ್ತೆ ಕೇಳಿದರು. ಜೊತೆಗೆ ಬಂದಿದ್ದ ಶಾರದಾ ತಡೆಯದೆ ಬಾಯಿ ಹಾಕಿದಳು. "ಮದ್ಲ ದಿನಾ ನನ್ನ ಅಡಗಿಗಿ ಹೆಸರಿಡತಿದ್ರು ಮೇಡಂ. ಉಪ್ಪ ಹೆಚ್ಚಾತು, ರೊಟ್ಟಿ ದಪ್ಪ ಆತು ಅಂತ. ಈಗ ಬಾಯಿನ ತಗಿವಲ್ರು." ಇಷ್ಟು ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೇಡಂ ಗಂಭೀರವಾಗಿ ಗುರಿ ಎಂಬ ತಲೆಬರಹದ ಕೆಳಗೆ, ಅಡುಗೆಯಲ್ಲಿ ತಪ್ಪು ಹುಡುಕುವುದು, ಎಂದು ಬರೆದುಕೊಂಡರು. ಮುಂದಿನ ವಾರದಿಂದ ಶಾರದಾ ಹೊರಗಿನ ಬೆಂಚಿನ ಮೇಲೆ ಕೂರಬೇಕಾಯಿತು. ಇಲ್ಲದಿದ್ದರೆ ಖಿನ್ನತೆ ನನ್ನದು, ಸಿಟ್ಟಿಂಗ್ ಅವಳದು ಎಂಬಂತಾಗುತ್ತಿತ್ತು.

ಈ ಚಿಕಿತ್ಸೆಯಲ್ಲಿ ಬುದ್ಧಿಮಾತು ಇರುವುದಿಲ್ಲ. ಐವತ್ತು ನಿಮಿಷದಲ್ಲಿ ಒಂದೂ ಸಿಗಲಿಲ್ಲವೆಂದು ನನಗೆ ಮೋಸ ಹೋದಂತೆಯೇ ಆಗಿತ್ತು. ಬದಲಿಗೆ ಮನೆಗೆಲಸ ಕೊಡುತ್ತಾರೆ, ಸಾಲೆಯ ಹುಡುಗರಿಗೆ ಕೊಟ್ಟ ಹಾಗೆ. ದಿನಾ ಒಂದು ಸಣ್ಣ ಕೆಲಸ ಮಾಡಬೇಕು, ಅದು ಎಷ್ಟು ಹಿತ ಅನಿಸಿತು ಎಂದು ಹತ್ತಕ್ಕೆ ಅಂಕ ಹಾಕಬೇಕು. ಮನಸ್ಸೇ ಇಲ್ಲದಾಗ ಹೇಗೆ ಮಾಡಲಿ ಎಂದೆ. "ಮನಸ್ಸ ಬಂದಮ್ಯಾಲೆ ಮಾಡೂದಲ್ರಿ ಇದು. ಮಾಡಕೋತ ಹೋಗ್ರಿ, ಮನಸ್ಸ ಹಿಂದಿನಿಂದ ಬರತೈತಿ," ಅಂದರು. ಗುಡಿಯ ತನಕ ನಡೆದು ಬರುವುದು ನನ್ನ ಕೆಲಸ. ನಾನು ಎರಡು ದಿನ ನಡೆದೆ. ಉಳಿದ ಐದು ದಿನದ ಲೆಕ್ಕವನ್ನು, ಕಚೇರಿಯ ರೂಢಿಯಂತೆ, ಸಿಟ್ಟಿಂಗಿನ ಹಿಂದಿನ ದಿನ ಒಮ್ಮೆಲೇ ಕೂತು ಭರ್ತಿ ಮಾಡಿದೆ. ಮೇಡಂ ಹಾಳೆಯನ್ನು ಬೆಳಕಿಗೆ ಹಿಡಿದರು. "ಐದೂ ದಿನ ಒಂದ ಶಾಯಿ, ಎಲ್ಲಾದಕ್ಕೂ ಏಳೇಳು ಅಂಕ. ನಾನೂ ಗುಮಾಸ್ತರ ಮಗಳ ಅದೀನ್ರಿ," ಅಂದರು. ನಾಚಿಕೆಯಿಂದ ತಲೆ ತಗ್ಗಿಸಿದೆ. ಮುಂದಿನ ವಾರ ದಿನಾ ನಡೆದೆ. ನಿಜವಾದ ಅಂಕಗಳು ಒಂದು, ಒಂದು, ಎರಡು, ಸೊನ್ನೆ ಹೀಗಿದ್ದವು. ಶುಕ್ರವಾರ ಮಾತ್ರ ಗುಡಿಯ ಹತ್ತಿರ ಒಂದು ಹೋರಿ ಹೂವಿನಂಗಡಿಯ ಮಾಲೆಯನ್ನು ತಿನ್ನುತ್ತಿದ್ದದ್ದು ಕಂಡು ನಾಲ್ಕು ಕೊಟ್ಟೆ.

ನಾಲ್ಕನೆಯ ವಾರ ಇನ್ನೊಂದು ಹಾಳೆ ಬಂತು. ಮನಸ್ಸನ್ನು ಕುಗ್ಗಿಸುವ ವಿಚಾರ ಒಂದು ಕಡೆ, ಅದು ನಿಜವೆನ್ನಲು ಇರುವ ಸಾಕ್ಷಿ ಇನ್ನೊಂದು ಕಡೆ, ಅಲ್ಲವೆನ್ನಲು ಇರುವ ಸಾಕ್ಷಿ ಮೂರನೆಯ ಕಡೆ ಬರೆಯಬೇಕು. ನನ್ನ ವಿಚಾರ ಸಿದ್ಧವೇ ಇತ್ತು: ನನ್ನಿಂದ ಯಾರಿಗೂ ಏನೂ ಉಪಯೋಗವಿಲ್ಲ. ಸಾಕ್ಷಿಯ ಜಾಗಕ್ಕೆ ಬಂದಾಗ ಕೈ ನಿಂತಿತು. ಸೋಮವಾರ ಸಾಹೇಬರು ನನ್ನ ನಮಸ್ಕಾರಕ್ಕೆ ಮಾತಾಡಲಿಲ್ಲ ಎಂದು ಬರೆದೆ. ಅಂದು ಅವರು ಹಲ್ಲು ಕೀಳಿಸಿಕೊಂಡು ಬಂದಿದ್ದರು, ಯಾರ ಜೊತೆಯೂ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅದನ್ನು ಹೊಡೆದುಹಾಕಿದೆ. ಹುಡುಕಿದೆ, ಮತ್ತೆ ಹುಡುಕಿದೆ. ಮೂರನೆಯ ಕಡೆ ಮಾತ್ರ ಶಾರದಾಳ ಹೆಸರು, ನನಗಾಗಿ ಬಸ್ಸು ತಡೆದ ಕಂಡಕ್ಟರ್, ನಾನು ರಜೆಯಲ್ಲಿದ್ದಾಗ ಕಡತ ಸಿಗದೆ ಹನ್ನೊಂದು ಸಲ ಫೋನು ಮಾಡಿದ ಸಹೋದ್ಯೋಗಿ, ಹೀಗೆ ಪಟ್ಟಿ ಬೆಳೆಯಿತು. ಕೊನೆಗೆ ನನ್ನ ಕೈ ತಾನಾಗಿಯೇ ಕೆಳಗೆ ಷರಾ ಬರೆಯಿತು: ಸೂಕ್ತ ದಾಖಲೆಗಳನ್ನು ಲಗತ್ತಿಸದ ಕಾರಣ ಸದರಿ ವಿಚಾರವನ್ನು ಹಿಂದಿರುಗಿಸಲಾಗಿದೆ.

ಮೇಡಂ ಅದನ್ನು ಓದಿ ಕನ್ನಡಕ ತೆಗೆದಿಟ್ಟು ನಕ್ಕರು. ನಾನೂ ನಕ್ಕೆ. ನನ್ನ ನಗು ನನಗೇ ಗುರುತು ಸಿಗಲಿಲ್ಲ, ಹೊರಗೆ ಬೆಂಚಿನ ಮೇಲಿದ್ದವಳಿಗೆ ಸಿಕ್ಕಿತಂತೆ. ಇಪ್ಪತ್ನಾಲ್ಕು ವರ್ಷ ಊರವರ ಅರ್ಜಿಯಲ್ಲೆಲ್ಲ ತಪ್ಪು ಹುಡುಕಿದವನು, ನನ್ನ ತಲೆಯೊಳಗಿಂದ ಬಂದ ಅರ್ಜಿಗಳನ್ನೆಲ್ಲ ಒಂದು ಪುರಾವೆಯೂ ಕೇಳದೆ ಮಂಜೂರು ಮಾಡುತ್ತಿದ್ದೆ. ಬರೀ ಹಿಂದಿರುಗಿಸಿದರೆ ಸಾಲದು, ಅದರ ಜಾಗದಲ್ಲಿ ನಿಜವಾದ ಒಂದು ಮಾತು ಬರೆಯಿರಿ ಎಂದರು ಮೇಡಂ. ನನ್ನಿಂದ ಕೆಲವರಿಗೆ ಕೆಲವು ಸಲ ಉಪಯೋಗವಾಗುತ್ತದೆ, ಊಟದ ವಿರಾಮ ಹೊರತುಪಡಿಸಿ, ಎಂದು ಬರೆದೆ.

ಅಲ್ಲಿಗೆ ಎಲ್ಲ ಮುಗಿಯಿತೆಂದು ತಿಳಿಯಬೇಡಿ. ಐದನೆಯ ವಾರ ಮತ್ತೆ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಹಿಂದೆ ಹೋಗುವುದೂ ದಾರಿಯಲ್ಲೇ ಇದೆ ಎಂದು ಮೇಡಂ ಅದನ್ನೂ ಬರೆದುಕೊಂಡರು. ಆರನೆಯ ವಾರದ ಒಂದು ಮುಂಜಾನೆ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಬಾಯಿಗಿಟ್ಟೆ. "ಬಳ್ಳೊಳ್ಳಿ ಹೆಚ್ಚಾಗೈತಲ್ಲ," ಅಂದೆ. ರೊಟ್ಟಿ ಬಡಿಯುವ ಸದ್ದು ನಿಂತಿತು. ಶಾರದಾ ಹೊರಗೆ ಬಂದು ಹಿಟ್ಟಿನ ಕೈಯಲ್ಲೇ ನನ್ನ ಮುಖ ನೋಡುತ್ತ ನಿಂತಳು. ಅಳುತ್ತಿದ್ದಳು. ಆಗ ಅವಳ ಮೇಲೆ ಬಂದ ಪ್ರೀತಿಯನ್ನು ಹೇಳಲು ನನಗೆ ಬರುವುದಿಲ್ಲ. ಅವಳಿಗೆ ಮಾತ್ರ ಮಾತು ಬಂತು. ಹೆಚ್ಚಾಗಿದ್ದರೆ ನಾಳೆಯಿಂದ ನೀವೇ ಕುಟ್ಟಿಕೊಳ್ಳಿ ಎಂದಳು. ಈಗ ಚಟ್ನಿ ಕುಟ್ಟುವುದು ನಾನೇ.

ಎಂಟನೆಯ ಸಿಟ್ಟಿಂಗಿನಲ್ಲಿ ಅವಧಿ ವಿಸ್ತರಣೆಗೆ ಬಾಯಿಮಾತಿನಲ್ಲೇ ಮನವಿ ಮಾಡಿಕೊಂಡೆ. ಮೇಡಂ ಒಪ್ಪಲಿಲ್ಲ. ಮನಸ್ಸು ಮತ್ತೆ ಎರಡು ವಾರ ಒಂದೇ ಸಮ ಕುಗ್ಗಿದರೆ ಬನ್ನಿ, ಅಲ್ಲಿಯವರೆಗೆ ಈ ಹಾಳೆಗಳನ್ನು ನೀವೇ ಬರೆದು ನೀವೇ ತಿದ್ದಿಕೊಳ್ಳಿ ಎಂದರು.

ಹೋದ ತಿಂಗಳು ಹೊನವಾಡದವನೊಬ್ಬ ಮೂರನೆಯ ಸಲ ನನ್ನ ಕಿಟಕಿಗೆ ಬಂದ. ಈ ಸಲವೂ ಒಂದು ಪ್ರತಿ ಕಡಿಮೆ ಇತ್ತು. ಹೇಳಿದೆ. ಇಂಥ ಹೊತ್ತಿನಲ್ಲಿ ಜನ ಬೈಯುತ್ತಾರೆ, ಸಾಹೇಬರ ಹೆಸರು ಹೇಳುತ್ತಾರೆ. ಇವನು ಸುಮ್ಮನೆ ಕಾಗದ ಮಡಚಿಕೊಂಡ. "ತಪ್ಪ ನಂದ ಐತ್ರಿ. ನನ್ನಿಂದ ಒಂದ ಕೆಲಸಾನೂ ನೆಟ್ಟಗ ಆಗಂಗಿಲ್ಲ," ಅಂದ. ಹೆಚ್ಚುಕಡಿಮೆ ಇದೇ ಮಾತನ್ನು ನಾನೂ ಹಾಳೆಯಲ್ಲಿ ಬರೆದಿದ್ದೆ. ಸಾಲು ಕರಗುವವರೆಗೆ ಅವನನ್ನು ಒಳಗೆ ಕೂರಿಸಿ, ಊಟ ನಿದ್ದೆ ಹೇಗಿವೆ ಎಂದು ಕೇಳಿದೆ. ತಿಂಗಳುಗಳಿಂದ ಇಲ್ಲ ಎಂದ. ಮೇಡಂ ಇರುವ ಜಾಗ ಹೇಳಿದೆ. ಅವನು ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ.

"ಅಲ್ಲಿ ಹೋಗಾಕ ಏನೇನ ಕಾಗದ ಬೇಕ್ರಿ?"

"ಏನೂ ಬ್ಯಾಡ್ರಿ. ನೀವ ಹೋದ್ರ ಸಾಕು."

ಇಪ್ಪತ್ನಾಲ್ಕು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವನು ನಂಬಲಿಲ್ಲ. ಏನೂ ಬೇಡವೆಂದು ಬರೆದು ಕೊಡಿ ಎಂದ. ಬರೆದು ಕೊಟ್ಟೆ. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೆಲ್ಲಗೆ ನನ್ನ ಮುಂದೆಯೇ ಇಟ್ಟ.

"ಸಿಕ್ಕಾ ಹಾಕಿಲ್ಲ ನೋಡ್ರಿ, ಸಾಹೇಬ್ರ."

ತಪ್ಪು ಅವನದಲ್ಲ, ಇದನ್ನೆಲ್ಲ ಕಲಿಸಿದವನು ನಾನೇ. ಶಾಯಿಯ ಡಬ್ಬಿ ತೆರೆದು, ಕಚೇರಿಯ ಮೊಹರು ಒತ್ತಿ, ಆರುವ ತನಕ ಊದಿ ಕೊಟ್ಟೆ.