ಎದುರು ಪಕ್ಷಕ್ಕೊಂದು ಮಣೆ

ನಮ್ಮ ಸೋದರತ್ತೆಯ ಜೊತೆ ವಾದ ಮಾಡಿ ಗೆದ್ದವರು ಅರಕಲಗೂಡಿನಲ್ಲಿ ಒಬ್ಬರೂ ಇರಲಿಲ್ಲ. ಅದೇನು ದೊಡ್ಡ ಮಾತು, ಬಾಯಿ ಜೋರಿದ್ದರೆ ಯಾರು ಬೇಕಾದರೂ ಗೆಲ್ಲಬಹುದು ಅನ್ನುತ್ತೀರಾ? ಅಲ್ಲೇ ನೀವು ತಪ್ಪಿದ್ದು! ಅತ್ತೆ ದನಿ ಏರಿಸಿದ್ದನ್ನು ನಾನು ಕಂಡೇ ಇಲ್ಲ. ಜಗಳಕ್ಕೆ ನಿಂತರೆ ಅವರು ಮೊದಲು ವಹಿಸುತ್ತಿದ್ದದ್ದು ಎದುರಾಳಿಯ ವಕಾಲತ್ತು! ಒಮ್ಮೆ ಚನ್ನರಾಯಪಟ್ಟಣದಿಂದ ಜಗಳ ಕಟ್ಟಿಕೊಂಡು ಬಂದ ಬೀಗರು, ತಮ್ಮ ಸಿಟ್ಟಿಗೆ ತಮಗೇ ಹೊಳೆಯದಿದ್ದ ಎರಡು ಕಾರಣಗಳನ್ನು ಅತ್ತೆಯ ಬಾಯಲ್ಲಿ ಕೇಳಿ, ತೃಪ್ತರಾಗಿ, ಕಾಫಿ ಕುಡಿದು ಸಂಜೆ ಬಸ್ಸಿಗೆ ವಾಪಸು ಹೋದರು.

ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು. ಗಂಡ ತೀರಿಕೊಂಡ ಮೇಲೆ ಅತ್ತೆ ತಮ್ಮನ, ಅಂದರೆ ನಮ್ಮಪ್ಪನ, ಮನೆಗೆ ಬಂದು ನೆಲೆಸಿದ್ದರು. ಅಪ್ಪನಿಗೆ ಪೇಟೆ ಬೀದಿಯಲ್ಲಿ ಜವಳಿ ಅಂಗಡಿ. ಅತ್ತೆ ಮನೆಯಲ್ಲಿ ಕುಳಿತು ರವಿಕೆ ಹೊಲಿಯುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಸೂಜಿಗೆ ದಾರ ಪೋಣಿಸಿ ಕೊಡುವುದು ನಾನು, ಪತ್ರಿಕೆ ಓದಿ ಹೇಳುವುದೂ ನಾನು! "ನೀವೇ ಓದ್ಕೋಬಾರದಾ ಅತ್ತೆ?" ಎಂದರೆ, "ಓದೋಕೊಬ್ರು, ಕೇಳೋಕೊಬ್ರು ಇರಬೇಕು ಕಣೆ. ಇಬ್ರೂ ಓದ್ತಾ ಕೂತ್ರೆ ಕೇಳೋರ್ಯಾರು?" ಎನ್ನುತ್ತಿದ್ದರು. ಇದಕ್ಕೆ ನೀವಾದರೂ ಏನು ಉತ್ತರ ಕೊಡುತ್ತಿದ್ದಿರಿ? ಇದು ದೊಡ್ಡವರ ಸೋಮಾರಿತನ ಅಂದುಕೊಂಡು ನಾನು ಓದುತ್ತಿದ್ದೆ.

ಒಂದು ದಿನ ಪಕ್ಕದ ಮನೆಯ ಎಮ್ಮೆ ನಮ್ಮ ಹಿತ್ತಲಿಗೆ ನುಗ್ಗಿ ಅವರೆ ಗಿಡಗಳನ್ನೆಲ್ಲ ಮೇಯ್ದುಬಿಟ್ಟಿತು. ಬೈಸಿಕೊಳ್ಳುವ ಮೊದಲೇ ತಾನು ಬೈದುಬಿಡಬೇಕೆಂದು ಎಮ್ಮೆಯ ಒಡತಿ ಸೆರಗು ಸಿಕ್ಕಿಸಿಕೊಂಡು ಬಂದಳು. ಅತ್ತೆ ಮಣೆ ಹಾಕಿ ಕೂರಿಸಿದರು.

"ನಿನ್ನ ಎಮ್ಮೇದು ಏನು ತಪ್ಪೈತೆ ಕಣವ್ವಾ? ಅಸಿದಿತ್ತು. ಅಸಿರು ಕಾಣ್ತು. ಬೇಲಿ ಮುರಿದಿತ್ತು. ನಾನೇ ಎಮ್ಮೆ ಆಗಿದ್ರೆ ಬುಡ ಸಮೇತ ತಿಂತಿದ್ದೆ. ಅಲ್ವಾ?"

"ಹೂಂ" ಅಂದಳು ಅವಳು, ಬೈಯಲು ಏನೂ ಉಳಿಯದೆ.

"ಎಮ್ಮೇದು ತಪ್ಪಿಲ್ಲ ಅಂದ್ಮೇಲೆ ತಪ್ಪು ಬೇಲೀದು. ಬೇಲಿ ಯಾರ್ದು?"

ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ಮುಳ್ಳು ಹೊತ್ತು ತಂದು ತಮ್ಮ ಬೇಲಿ ಕಟ್ಟಿದರು. ಆಮೇಲೆ ಆ ಎಮ್ಮೆ ಅತ್ತೆಯನ್ನು ಕಂಡಾಗಲೆಲ್ಲ ತಲೆದೂಗುತ್ತಿತ್ತು ಎಂದು ನನ್ನ ನಂಬಿಕೆ.

ಹೈಸ್ಕೂಲಿನಲ್ಲಿ ಮೇಷ್ಟ್ರು 'ಹಳ್ಳಿಯ ಬಾಳು ಮೇಲೋ, ಪಟ್ಟಣದ ಬಾಳು ಮೇಲೋ' ಎಂದು ಪ್ರಬಂಧ ಕೊಟ್ಟರು. ತಂಗಾಳಿ, ಹಕ್ಕಿಗಳ ಕಲರವ ಎಲ್ಲವನ್ನೂ ಸುರಿದು, ಹಳ್ಳಿಯನ್ನು ಗೆಲ್ಲಿಸಿ, ಅತ್ತೆಗೆ ಓದಿ ಹೇಳಿದೆ.

"ಪಟ್ಟಣದೋರು ಎಲ್ಲವ್ರೆ ಇದ್ರಾಗೆ?"

"ಅವರು ಎದುರು ಪಕ್ಷ ಅಲ್ವಾ ಅತ್ತೆ?"

"ಅದಕ್ಕೇ ಕಣೆ! ಮನೆಗೆ ಬಂದೋರಿಗೆ ಮೊದ್ಲು ಮಣೆ ಆಕ್ತೀವೋ, ಅವರನ್ನ ನಿಲ್ಸಿ ನಾವು ಉಣ್ಣೋಕೆ ಕೂರ್ತೀವೋ?"

ಅಂದು ನನಗೆ ಉಪದೇಶವಾಯಿತು. ನಿನಗೇನು ಬೇಕೋ ಒಂದೇ ಉಸಿರಿನಲ್ಲಿ ಹೇಳು. ಆಮೇಲೆ ಎದುರಿನವನ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳು. ಅವನ ಗಟ್ಟಿ ಮಾತನ್ನು ಮಾತ್ರ ಬಚ್ಚಿಡಬೇಡ, ಬಚ್ಚಿಟ್ಟರೆ ಕಳ್ಳತನ. ಅವನು 'ಹೂಂ' ಅಂದ ಮೇಲೆ ನಿನ್ನದು ಶುರು. ಜೊಳ್ಳನ್ನೆಲ್ಲ ತೂರಿಬಿಡು, ಗಟ್ಟಿ ಕಾಳನ್ನು ಕೊನೆಗಿಡು. ಮುಗಿದ ಮೇಲೆ ಅಲ್ಲೇ ಕೂತಿರಬೇಡ, ಎದ್ದು ಬಾ! ನಾಲ್ಕನೇ ಕ್ಲಾಸಿನ ಯಾವ ಪುಸ್ತಕದಲ್ಲಿತ್ತು ಇದು? ಬೆರಗಾಗಿ ಪ್ರಬಂಧವನ್ನು ಮತ್ತೆ ಬರೆಯಲು ಕೂತೆ. ಆ ಬೆರಗಿನ ಭರದಲ್ಲಿ ಪಟ್ಟಣಕ್ಕೆ ಎಂಥ ಮಣೆ ಹಾಕಿದೆನೆಂದರೆ, ಮೇಷ್ಟ್ರು ಕೆಂಪು ಶಾಯಿಯಲ್ಲಿ 'ಚೆನ್ನಾಗಿದೆ. ಪಟ್ಟಣಕ್ಕೆ ಹೊರಡುವುದು ಯಾವಾಗ?' ಎಂದು ಬರೆದರು!

ಹೊರಡುವ ಆಸೆ ನನಗೂ ಇತ್ತು. ಎಸ್ಸೆಸ್ಸೆಲ್ಸಿ ಪಾಸಾದದ್ದೇ ಹಾಸನದ ಕಾಲೇಜಿಗೆ ಸೇರುತ್ತೇನೆಂದು ಹಟ ಹಿಡಿದೆ. ಅಪ್ಪ ಸುತರಾಂ ಒಪ್ಪಲಿಲ್ಲ. ಹೊಳೆನರಸೀಪುರದ ಒಂದು ಗಂಡು ಆಗಲೇ ಅವರ ತಲೆಯಲ್ಲಿ ಕೂತಿತ್ತು. ನಾನು ಎರಡು ಹೊತ್ತು ಉಪವಾಸವಿದ್ದು, ಅಳುತ್ತ ಮಲಗಿದೆ.

"ಅಳೋದು ವಾದ ಅಲ್ಲ ಕಣೆ. ಎದ್ದು ಬರಿ" ಎಂದರು ಅತ್ತೆ.

ಮೂರು ಸಂಜೆ ಕೂತು ಬರೆದೆವು. ಅಪ್ಪನ ಪಕ್ಷವನ್ನು ಅತ್ತೆಯೇ ಹೇಳಿ ಬರೆಸಿದರು. ವಯಸ್ಸಿಗೆ ಬಂದ ಹುಡುಗಿ, ಪರಸ್ಥಳ. ಒಳ್ಳೆಯ ಸಂಬಂಧ ಕೈತಪ್ಪಿದರೆ ನಾಳೆ ತಂಗಿಗೂ ತೊಡಕು. ಊರು ಆಡಿಕೊಂಡರೆ ಅಂಗಡಿಯಲ್ಲಿ ಕೂತು ಕೇಳಬೇಕಾದವರು ಅಪ್ಪ. ಬರೆಯುತ್ತ ಬರೆಯುತ್ತ ನನಗೇ ಅಪ್ಪನ ಮೇಲೆ ಕರುಣೆ ಬಂತು.

"ಇನ್ನೇನಾದ್ರೂ ಬಿಟ್ಟಿದ್ದೀವಾ ಅತ್ತೆ?"

ಅತ್ತೆ ಮಡಿಲಲ್ಲಿದ್ದ ರವಿಕೆಯ ಹೊಲಿಗೆಯನ್ನು ಬೆರಳಿನಿಂದ ತಡವಿ ನೋಡಿದರು. "ಎಲ್ಲಾ ಬಂತು. ನಿಂದು ಶುರು ಮಾಡು."

ಹಾಸನದಲ್ಲಿ ಸೋದರಮಾವನ ಮನೆಯಿದೆ, ಶನಿವಾರ ಶನಿವಾರ ಬಂದುಹೋಗಲು ಬಸ್ಸಿದೆ, ಓದಿ ಮುಗಿಸಿ ಇದೇ ಊರಿಗೆ ಮೇಡಂ ಆಗಿ ಬರುತ್ತೇನೆ ಎಂದೆಲ್ಲ ಬರೆದೆ. ಕೊನೆಯ ಗಟ್ಟಿ ಕಾಳು ಮಾತ್ರ ಅತ್ತೆ ಕೊಟ್ಟದ್ದು: ವಿದ್ಯೆ ಕಲಿತ ಹೆಣ್ಣು, ನಾಳೆ ಎಂಥ ಕಷ್ಟ ಬಂದರೂ ತಮ್ಮನ ಮನೆ ಬಾಗಿಲಿಗೆ ಬಂದು ನಿಲ್ಲಬೇಕಾಗಿಲ್ಲ. ಅದನ್ನು ಬರೆಸುವಾಗಲೂ ಅವರ ದನಿ ಏರಲಿಲ್ಲ, ಇಳಿಯಲೂ ಇಲ್ಲ.

ಅಪ್ಪ ಮೊದಲ ಪುಟ ಓದುತ್ತ ಹೂಂ, ಹೂಂ ಎಂದು ತಲೆಯಾಡಿಸಿದರು. ಕನ್ನಡಕ ತೆಗೆದು, "ನಾನೇ ಅಂದಿದ್ರೂ ಇಷ್ಟು ಚೆನ್ನಾಗಿ ಬತ್ತಿರಲಿಲ್ಲ ಕಣಕ್ಕಾ!" ಎಂದರು. ಪಾಪ, ಸಿಕ್ಕಿಬಿದ್ದದ್ದೇ ಅಲ್ಲಿ! ಪುಟ ತಿರುವಿದರು. ಕೊನೆಯ ಸಾಲನ್ನು ಎರಡು ಸಲ ಓದಿದರು. ಅಕ್ಕನ ಮುಖ ನೋಡದೆ, "ಓಗ್ಲಿ ಬುಡು, ಸೇರ್ಕಳ್ಳಿ" ಎಂದರು.

ಕಾಲೇಜು ಸೇರಿದ ಮೇಲೆ ಮೊದಲನೆಯ ಶನಿವಾರ ಊರಿಗೆ ಬಂದೆ. ಮಟಮಟ ಮಧ್ಯಾಹ್ನ. ಅತ್ತೆ ಜಗಲಿಯಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರದ ತುದಿ ಒಮ್ಮೆ ಸೂಜಿಯ ಆ ಕಡೆ, ಒಮ್ಮೆ ಈ ಕಡೆ ಹೋಗುತ್ತಿತ್ತು. ನಾನು ಎದುರಿಗೇ ಬಂದು ನಿಂತೆ.

"ಯಾರವ್ವಾ ಅದು?" ಎಂದರು.

ಅವರ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತಂತೆ. ನನ್ನಿಂದಲೇ ಓದಿಸಿ, ನನ್ನಿಂದಲೇ ದಾರ ಹಾಕಿಸಿಕೊಂಡು, ಮನೆಯಲ್ಲಿ ಯಾರಿಗೂ ತಿಳಿಯದಂತೆ ದಿನ ದೂಡಿದ್ದರು. ಅದನ್ನು ಸೋಮಾರಿತನವೆಂದು ತಿಳಿದಿದ್ದ ನನ್ನ ಬುದ್ಧಿಗೆ ಏನು ಹೇಳಲಿ! ದುಃಖದಲ್ಲಿ ಸಿಟ್ಟೇ ಬಂತು.

"ಎದುರಿನವರ ಗಟ್ಟಿ ಮಾತು ಬಚ್ಚಿಟ್ರೆ ಕಳ್ಳತನ ಅಂದಿದ್ರಲ್ಲ ಅತ್ತೆ! ನಿಮ್ಮ ಕಣ್ಣಿನ ಮಾತು ಯಾಕೆ ಬರೆಸಲಿಲ್ಲ? ಅಪ್ಪ ಗೆದ್ದುಬಿಡ್ತಾರೆ ಅಂತಲಾ?"

"ನಿಮ್ಮಪ್ಪಂದು ಅತ್ಲಾಗಿರ್ಲಿ. ಬರೆಸಿದ್ರೆ ನೀನೇ 'ಹೂಂ' ಅಂದ್ಬುಡ್ತಿದ್ದೆ."

ಅವರ ಕೈಯಿಂದ ಸೂಜಿ ದಾರ ತೆಗೆದುಕೊಂಡು ಪಕ್ಕದಲ್ಲಿ ಕೂತೆ. ನನಗೂ ಏನೂ ಕಾಣಲಿಲ್ಲ. ಮೂಗು ಒರೆಸಿಕೊಂಡ ಸದ್ದು ಅವರಿಗೆ ಕೇಳಿಸಿರಬೇಕು.

"ಅಳೋದು ವಾದ ಅಲ್ಲ ಕಣೆ" ಎಂದರು.

"ಹೂಂ" ಅಂದೆ.