ಅತ್ತೆಯ ಕಿರುಚುವ ಕೋಲು

ನಮ್ಮ ಸೋದರತ್ತೆ ಕಾಲಿಟ್ಟಲ್ಲಿ ನೆಲ ಕಿರುಚುತ್ತದೆ!

ಉತ್ಪ್ರೇಕ್ಷೆ ಅಂದಿರಾ? ಹಾಗಾದರೆ ಒಂದು ಭಾನುವಾರ ಬೆಳಿಗ್ಗೆ ಯಾದಗಿರಿಗೆ ಬನ್ನಿ. ಭೀಮಾ ನದಿಯ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿ. ಇಳಕಲ್ ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ಮಾವನ ಹಳೇ ಕ್ಯಾನ್ವಾಸ್ ಬೂಟು ಮೆಟ್ಟಿ, ಅರವತ್ನಾಲ್ಕರ ಹೆಂಗಸೊಬ್ಬಳು ಮರಳಿನಲ್ಲಿ ಅಡ್ಡಾಡುತ್ತಿರುತ್ತಾಳೆ. ಕೈಯಲ್ಲಿ ಒಂದು ಪೈಪು. ಪೈಪಿನ ತುದಿಗೆ ಒಂದು ಪ್ಲಾಸ್ಟಿಕ್ ತಟ್ಟೆ. ತಟ್ಟೆಯನ್ನು ಕಸಬರಿಗೆಯ ಹಾಗೆ ಅತ್ತಿಂದಿತ್ತ ಆಡಿಸುತ್ತಾಳೆ. ಇದ್ದಕ್ಕಿದ್ದ ಹಾಗೆ ಅದು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚುತ್ತದೆ. ಆಚೆ ದಂಡೆಯ ಕೊಕ್ಕರೆಗಳು ಹಾರಿ ಹೋಗುತ್ತವೆ. ಬಟ್ಟೆ ಒಗೆಯುವ ಹೆಂಗಸರು "ಬಂದ್ಳು ನೋಡವ್ವಾ" ಎಂದು ಒದ್ದೆ ಕೈಯಲ್ಲೇ ಕಿವಿ ಮುಚ್ಚಿಕೊಳ್ಳುತ್ತಾರೆ. ಆಕೆಯ ಹಿಂದೆ ಖುರ್ಪಿ ಹಿಡಿದು, ಕಿರುಚಿದಲ್ಲೆಲ್ಲ ಕುಕ್ಕರುಗಾಲಲ್ಲಿ ಕೂತು ಮರಳು ಕೆದರುವ ಬಡಪಾಯಿಯೊಬ್ಬ ಇರುತ್ತಾನೆ. ಅವನು ನಾನು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಮೇಷ್ಟ್ರು. ಸೇತುವೆ ಮೇಲೆ ಸೈಕಲ್ ನಿಲ್ಲಿಸಿ ನಗುವವರಲ್ಲಿ ಅರ್ಧ ಮಂದಿ ನನ್ನ ವಿದ್ಯಾರ್ಥಿಗಳೇ!

ಲೋಹ ಇದ್ದಲ್ಲಿ ಕೂಗುವ ಈ ಕೋಲು ಅಂಗಡಿಯಿಂದ ಬಂದದ್ದಲ್ಲ, ಸ್ವಾಮಿ. ಅತ್ತೆ ಹೆತ್ತದ್ದು! ಶಹಾಪುರದಲ್ಲಿ ಅತ್ತೆ ಮಾವನದು ಮೋಟರ್ ವೈಂಡಿಂಗ್ ಅಂಗಡಿ. ಹೊಲದ ಪಂಪ್‌ಸೆಟ್ ಸುಟ್ಟರೆ ಸುತ್ತಲಿನ ಹಳ್ಳಿಗಳವರೆಲ್ಲ ಮೋಟರನ್ನು ಟಂಟಂ ಆಟೊದಲ್ಲಿ ಹಾಕಿಕೊಂಡು ಅಲ್ಲಿಗೇ ಬರುತ್ತಾರೆ. ಮಾವ ಮೋಟರ್ ಬಿಚ್ಚುತ್ತಾರೆ, ಜೋಡಿಸುತ್ತಾರೆ. ಒಳಗಿನ ತಾಮ್ರದ ತಂತಿ ಸುತ್ತುವುದು ಮಾತ್ರ ಅತ್ತೆಯೇ. ಹೆಂಗಸರು ಹೂ ಕಟ್ಟುವ ಹಾಗೆ, ಬಾಯಲ್ಲಿ ಊರ ಸುದ್ದಿ ಮಾತಾಡುತ್ತ, ಕೈಯಲ್ಲಿ ಸುತ್ತು ಎಣಿಸುತ್ತ, ಒಂದು ಸುತ್ತೂ ತಪ್ಪದೆ ಸುತ್ತಿಬಿಡುತ್ತಾಳೆ.

ಒಂದು ಸಂಕ್ರಾಂತಿಗೆ ಎಲ್ಲರೂ ಎಳ್ಳು ಹಚ್ಚಿಕೊಂಡು ಭೀಮೆಯಲ್ಲಿ ಮಿಂದು, ದಂಡೆಯಲ್ಲಿ ಸಜ್ಜಿ ರೊಟ್ಟಿ, ಬದನೆಕಾಯಿ ಬರ್ತ ಉಂಡು ಎದ್ದೆವು. ಮಾವ ಜೇಬು ಮುಟ್ಟಿ ನೋಡಿಕೊಂಡರು. ಅಂಗಡಿಯ ಕೀಲಿಕೈ ಇಲ್ಲ! ಹನ್ನೆರಡು ಜನ ಮರಳು ಜಾಲಾಡಿದೆವು. ಸಿಗಲಿಲ್ಲ. ಮರುದಿನ ಬೀಗ, ನಮ್ಮ ಕಡೆಯ ಮಾತಿನಲ್ಲಿ ಕೀಲಿ, ಒಡೆದೇ ಅಂಗಡಿ ತೆರೆದರು. ಅತ್ತೆಗೆ ಅವಮಾನವಾಯಿತು. ಕಳೆದದ್ದಕ್ಕಲ್ಲ, ಸಿಗದೇ ಹೋದದ್ದಕ್ಕೆ. "ಕಬ್ಬಣ ಅದು, ಏನು ಸಕ್ಕರಿ ಅಲ್ಲ ಕರಗಾಕ. ಅಲ್ಲೇ ಅದ" ಅಂದವಳೇ ಮೊಬೈಲಿನಲ್ಲಿ ಯಾವ್ಯಾವುದೋ ವಿಡಿಯೊ ನೋಡಿದಳು. ಮಾವನ ಹಳೇ ರೇಡಿಯೊದ ಹೊಟ್ಟೆ ಬಗೆದಳು. ತಟ್ಟೆಯ ಅಂಚಿಗೆ ತಂತಿ ಸುತ್ತಿದಳು. ಐದನೇ ದಿನ ನದಿಗೆ ಬಂದು, ನಾವು ಉಂಡಿದ್ದ ಜಾಗದಿಂದ ಹತ್ತು ಹೆಜ್ಜೆ ಈಚೆ ಕೀಲಿಕೈ ಎತ್ತಿ ಹಿಡಿದಳು.

ಜಗತ್ತನ್ನೇ ಗೆದ್ದ ಮುಖ! ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಮೆಲ್ಲಗೆ ಅಂದರು: "ಛಲೋ ಆತು. ಈಗ ಇದಕ್ಕೊಂದು ಕೀಲಿ ಹುಡುಕು."

ಅಲ್ಲಿಂದ ಶುರುವಾಯಿತು ನೋಡಿ! ಪ್ರತಿ ಭಾನುವಾರ ಶಹಾಪುರದಿಂದ ಮೊದಲ ಬಸ್ಸಿಗೆ ಅತ್ತೆ, ಅತ್ತೆಯ ಮಡಿಲಲ್ಲಿ ಕೋಲು. ಒಮ್ಮೆ ಬಟನ್ ಬಂದ್ ಮಾಡುವುದನ್ನು ಮರೆತು ಬಸ್ಸು ಹತ್ತಿಬಿಟ್ಟಳು. ಬಸ್ಸೆಂಬ ಬಸ್ಸೇ ಕಬ್ಬಿಣವಲ್ಲವೇ? ಒಳಗೆ ಕಾಲಿಟ್ಟದ್ದೇ ತಡ, ಅದು ಊಳಿಡಲು ಶುರು. ಮಲಗಿದ್ದ ಕೂಸುಗಳೆಲ್ಲ ಎದ್ದು ಅದರ ಜೊತೆ ದನಿಗೂಡಿಸಿದವು. ಕಂಡಕ್ಟರ್ ಓಡಿ ಬಂದ.

"ಏನಮ್ಮಾ ಅದು? ಏನು ತಂದಿ?"

"ಕೋಲಪಾ, ತಮ್ಮಾ. ವಯಸ್ಸಾಗ್ಯಾದ, ಊರಾಕ ಬೇಕಲ್ಲ."

"ಕೋಲು ಹಿಂಗ ವದರತದೇನು?"

"ನಿನ್ನ ಬಸ್ಸು ಇದಕ್ಕಿಂತ ಜೋರು ವದರತದ. ಅದಕ್ಕ ಯಾರರ ಏನರ ಅಂದಾರೇನು?"

ಇಡೀ ಬಸ್ಸು ನಕ್ಕಿತಂತೆ. ಕಂಡಕ್ಟರನೂ ನಕ್ಕು, "ನನ್ನ ಸೀಟಿ ಕಳದದ, ಅದನ್ನರ ಹುಡುಕಿಕೊಡು" ಅಂದನಂತೆ. ಅತ್ತೆ ಅವನ ಸುತ್ತ ಒಮ್ಮೆ ಕೋಲಾಡಿಸಿ, ಬೆನ್ನ ಹಿಂದೆ ದಾರಕ್ಕೆ ಜೋತಾಡುತ್ತಿದ್ದ ಸೀಟಿಯನ್ನು ಮುಂದಕ್ಕೆ ಎಳೆದು ಕೊಟ್ಟಳಂತೆ.

ಇನ್ನು ನದಿಯಲ್ಲಿ ಸಿಕ್ಕದ್ದೇನು ಅಂತ ಕೇಳುತ್ತೀರಿ. ಎಲ್ಲರೂ ಮೊದಲು ಅದನ್ನೇ ಕೇಳುವುದು, ದನಿ ತಗ್ಗಿಸಿ. ಸೋಡಾ ಬಾಟಲಿ ಮುಚ್ಚಳ ಒಂದು ಬುಟ್ಟಿ. ಎತ್ತಿನ ಕಾಲಿನ ಲಾಳ. ಹರಿಗೋಲಿನ ಮೊಳೆ. ಪಿನ್ನು. ಬಗ್ಗಿದ ಚಮಚ. ಆಗಾಗ ಒಂದು ಕಾಲುಂಗುರ, ಒಂದು ಗಾಡಿ ಚಾವಿ. ಅಂಥದ್ದು ಸಿಕ್ಕರೆ ಸೇತುವೆ ಬುಡದ ಚಹಾ ಅಂಗಡಿಯಲ್ಲಿ ಹೇಳಿ ಬರುತ್ತಾಳೆ. ಕಳೆದುಕೊಂಡವರು ಗುರುತು ಹೇಳಿ ಒಯ್ಯುತ್ತಾರೆ. ಆದರೆ ಊರು ಇದನ್ನು ನಂಬಬೇಕಲ್ಲ! ಇಷ್ಟು ಬಿಸಿಲಲ್ಲಿ ಸೋಡಾ ಮುಚ್ಚಳ ಹುಡುಕುವ ಹುಚ್ಚಿ ಇರಲಾರಳು, ಆಕೆಗೆ ನಿಧಿಯ ಸುಳಿವು ಸಿಕ್ಕಿದೆ ಎಂದು ಸುದ್ದಿ ಹಬ್ಬಿತು. ವಡಗೇರಾದಿಂದ ಒಬ್ಬ ನಿಂಬೆಹಣ್ಣು ಹಿಡಿದು ಬಂದು "ಪಾಲುದಾರ ಆಗ್ತೀನ್ರಿ" ಅಂದ. ಅತ್ತೆ ಆ ನಿಂಬೆಹಣ್ಣಿನಲ್ಲಿ ಶರಬತ್ತು ಮಾಡಿ ಅವನಿಗೇ ಕುಡಿಸಿ ಕಳಿಸಿದಳು.

ಕೊನೆಗೆ ಒಬ್ಬ ಪೊಲೀಸಪ್ಪ ಕುಂಟುತ್ತ ಕುಂಟುತ್ತ ದಂಡೆಗೆ ಇಳಿದು ಬಂದ. ನಾನು ಖುರ್ಪಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ.

"ಏನಮ್ಮಾ, ನಿಧಿ ತಗ್ಯಾಕತ್ತಿಯಂತ?"

"ರಾಜರು ಕಳಕೊಂಡಿದ್ದು ಸರಕಾರದ್ದು, ಸಾಹೇಬ್ರ. ಅದರ ತಂಟಿಗಿ ನಾ ಹೋಗಂಗಿಲ್ಲ. ಮಂದಿ ಕಳಕೊಂಡಿದ್ದು ಅಷ್ಟ ನನ್ನ ಕೆಲಸ."

"ಹಂಗಂದ್ರ ತೋರ್ಸು. ಹ್ಯಾಂಗ ಕೂಗ್ತದ?"

ಅತ್ತೆ ಬಟನ್ ಒತ್ತಿದಳು. ಪೊಲೀಸಪ್ಪನ ಬಲಗಾಲ ಹತ್ತಿರ ಕೋಲು ಕಿರುಚಿತು. ಆತ ಬೆಚ್ಚಿ ನಾಲ್ಕು ಹೆಜ್ಜೆ ಸರಿದ. ಅಲ್ಲಿಯೂ ಬಲಗಾಲಿಗೇ ಕಿರುಚಿತು. ಆತ ಹೋದಲ್ಲೆಲ್ಲ ನಿಧಿ! ಮುಖ ಬೆವರಿತು. "ಇದೇನು ಬೆನ್ನ ಹತ್ಯಾದಲ್ಲಮ್ಮಾ!"

"ಬೂಟು ಕಳೀರಿ" ಅಂದಳು ಅತ್ತೆ.

ಬಿಚ್ಚಿದ. ಅಟ್ಟೆಯೊಳಗಿಂದ ಒಂದು ಮೊಳೆ ತಲೆ ಎತ್ತಿ ನಿಂತಿತ್ತು. ಎರಡು ತಿಂಗಳಿನಿಂದ ಆತ ಕಾಲಿಗೆ ಬೇನೆ ಎಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದನಂತೆ! ನನ್ನ ಖುರ್ಪಿಯ ಹಿಡಿಯಿಂದ ಕುಟ್ಟಿ ಅದನ್ನು ಮಟ್ಟ ಮಾಡಿಕೊಟ್ಟೆವು. ಬರುವಾಗ ಕುಂಟುತ್ತ ಬಂದವನು ಹೋಗುವಾಗ ಕವಾಯತು ಮಾಡುತ್ತ ಹೋದ. ಅಂದಿನಿಂದ ನಿಧಿಯ ಸುದ್ದಿ ನಿಂತಿತು. ಅದರ ಬದಲು, ಕಾಲುಬೇನೆಗೆ ಔಷಧಿ ಕೇಳಿ ಜನ ಬರತೊಡಗಿದರು.

ಅತ್ತೆಯ ಕೀರ್ತಿ ಸುರಪುರ ಮುಟ್ಟಲು ತಡವಾಗಲಿಲ್ಲ. ರಂಗಂಪೇಟೆಯಲ್ಲಿ ನಮ್ಮ ಬಳಗದವರ ನಿಶ್ಚಯ ಕಾರ್ಯ. ಉಂಗುರ ತೊಡಿಸುವ ಹೊತ್ತಿಗೆ ಉಂಗುರವೇ ಮಾಯ! ಹುಡುಗನ ಕಡೆಯವರ ಮುಖ ಗಂಟಿಕ್ಕಿತು, ಹುಡುಗಿಯ ತಾಯಿ ಅಳಲು ಶುರು ಮಾಡಿದಳು. ಅತ್ತೆ ಕೋಲು ಹಿಡಿದು ಎದ್ದು ನಿಂತಳು. (ನಿಶ್ಚಯಕ್ಕೆ ಕೋಲು ಯಾಕೆ ತಂದಿದ್ದಳು ಎಂದು ಕೇಳಬೇಡಿ. ಬೇರೆ ಹೆಂಗಸರು ಪರ್ಸು ತರುವುದಿಲ್ಲವೇ?) ಚಾಪೆಯ ಮೇಲಿದ್ದವರನ್ನೆಲ್ಲ ಸಾಲಾಗಿ ನಿಲ್ಲಿಸಿದಳು. ಒಬ್ಬರ ಉಡದಾರ ಕೂಗಿತು. ಒಬ್ಬರ ಕಟ್ಟಿಸಿಕೊಂಡ ಹಲ್ಲು ಕೂಗಿತು. ಒಬ್ಬ ಅಜ್ಜನ ಮೊಣಕಾಲು ಕೂಗಿದಾಗ ಆತ ಧೋತರ ಎತ್ತಿ ಒಳಗೆ ರಾಡು ಹಾಕಿಸಿದ ಕಲೆಯನ್ನು ಎಲ್ಲರಿಗೂ ತೋರಿಸಿದ. ಊರಿಗೆಲ್ಲ ಹಿರಿಯರಾದ ಒಬ್ಬರ ಕೈಚೀಲ ಮಾತ್ರ ಎದೆ ಬಡಿದುಕೊಂಡು ಕಿರುಚಿತು. ತೆಗೆದು ನೋಡಿದರೆ ನಾಲ್ಕು ಸ್ಟೀಲ್ ಲೋಟ, ಹುಡುಗಿಯ ಮನೆಯವರ ಹೆಸರು ಕೆತ್ತಿದ್ದು! "ಕೂಡ್ಸೋ ಗದ್ದಲದಾಗ ಯಾರೋ ಹಾಕ್ಯಾರ" ಎಂದರು ಅವರು. "ಹೌದ್ರಿ, ಪಾಪ, ಲೋಟಕ್ಕೇನು ಗೊತ್ತಾಗ್ತದ್ರಿ" ಅಂದಳು ಅತ್ತೆ, ಮುಂದಕ್ಕೆ ಹೋದಳು. ಉಂಗುರ ಸಿಕ್ಕಿದ್ದು ಹುಡುಗಿಯ ಉಡಿಯಲ್ಲೇ, ಉಡಿ ತುಂಬಿದ ಅಕ್ಕಿಯೊಳಗೆ.

ಇಷ್ಟಾದರೂ ನಾನು ಅತ್ತೆಯ ಬಗ್ಗೆ ಗೆಳೆಯರ ಮುಂದೆ ಹೇಳಿ ನಗುತ್ತಿದ್ದೆ; ಭಾನುವಾರ ಬೆಳಿಗ್ಗೆ ಮಾತ್ರ ಅವಳ ಬಸ್ಸು ಬರುವ ಹೊತ್ತಿಗೆ ನನಗೆ ಜ್ವರ ಬರಲಿ ಎಂದು ಹರಕೆ ಹೊರುತ್ತಿದ್ದೆ. ಕಳೆದ ಏಪ್ರಿಲಿನ ಒಂದು ಭಾನುವಾರವೂ ಹಾಗೆಯೇ ಗೊಣಗುತ್ತ ನದಿಗೆ ಇಳಿದಿದ್ದೆ. ಹತ್ತು ಗಂಟೆಗೇ ಮರಳು ಹೆಂಚಿನಂತೆ ಕಾದಿತ್ತು. ನೀರು ನಡುವಿನಲ್ಲಿ ಒಂದು ಗೆರೆಯಷ್ಟೇ ಉಳಿದಿತ್ತು. ಮೀನು ಹಿಡಿಯುವ ಮನೆಯ ಹೆಂಗಸೊಬ್ಬಳು ಎಂಟೊಂಬತ್ತು ವರ್ಷದ ಮಗಳ ಕೈ ಹಿಡಿದು ಓಡುತ್ತ ಬಂದಳು.

"ಅಕ್ಕಾರ, ನಿಮ್ಮ ಮಿಷನ್ನು ಕಿವಿ ಹುಡುಕತದೇನ್ರಿ?"

"ಕಿವೀದು ಏನವ್ವಾ? ಓಲೆನೋ, ಝುಮಕಿನೋ?"

"ಅಲ್ರಿ, ಕಿವೀನ." ಆಕೆ ಮಗಳ ಬಲಗಿವಿ ಮುಟ್ಟಿ ತೋರಿಸಿದಳು. "ಹುಟ್ಟಿದಾಗಿಂದ ಕೇಳಸ್ತಿದ್ದಿಲ್ರಿ. ಮೂರು ವರ್ಷ ಅಡ್ಡಾಡಿದ ಮ್ಯಾಲೆ ಕ್ಯಾಂಪಿನ್ಯಾಗ ಒಂದು ಮಿಷನ್ನು ಕೊಟ್ರು. ಈಗೀಗ ಅವ್ವಾ ಅನ್ನಾಕತ್ತಿತ್ರಿ. ಮುಂಜಾನಿ ಮೀನಿನ ಬಲಿ ಒಣ ಹಾಕಬೇಕಾದ್ರ ಇಲ್ಲೇ ಎಲ್ಲೋ ಬಿದ್ದದ."

ಹುಡುಗಿ ನಮ್ಮ ಬಾಯಿಗಳನ್ನೇ ನೋಡುತ್ತಿದ್ದಳು, ಒಬ್ಬರಾದ ಮೇಲೆ ಒಬ್ಬರದು. ಅತ್ತೆ ತಟ್ಟೆಯನ್ನು ಮರಳಿಗೆ ಇಳಿಸಿ ಬಟನ್ ಒತ್ತಿದಳು.

ಕೋಲು ಕಿರುಚಿತು. ಕೆದರಿದೆ. ಬಲೆಗೆ ಕಟ್ಟುವ ಸೀಸದ ಗುಂಡು. ಮತ್ತೆ ಕಿರುಚಿತು. ಮತ್ತೊಂದು ಗುಂಡು. ಎಷ್ಟು ತಲೆಮಾರಿನಿಂದ ಅಲ್ಲಿ ಬಲೆ ಒಣಗಿಸಿದ್ದಾರೋ ಏನೋ, ಮರಳ ತುಂಬ ಗುಂಡುಗಳೇ. ಹೆಜ್ಜೆಗೊಂದು ಕೂಗು. ಯಾವ ಕೂಗು ಗುಂಡಿನದು, ಯಾವುದು ಹುಣಸೆಬೀಜದಷ್ಟು ಆ ಯಂತ್ರದ್ದು? ಎಲ್ಲವನ್ನೂ ಕೆದರಲೇಬೇಕು. ಅತ್ತೆ ಬೂಟಿನ ತುದಿಯಿಂದ ಮರಳಿನ ಮೇಲೆ ದೊಡ್ಡದೊಂದು ಸುತ್ತು ಗೀಚಿದಳು. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. "ವೈಂಡಿಂಗ್ ಇದ್ದಂಗ. ಸುತ್ತು ಬಿಡಬಾರದು, ಸುತ್ತಿನ ಮ್ಯಾಲೆ ಸುತ್ತು ಬರಬಾರದು" ಅಂದಳು. ಅಷ್ಟೇ. ಆಮೇಲೆ ಮಾತಿಲ್ಲ. ಬಸ್ಸು ಕಂಡಕ್ಟರನಿಂದ ಪೊಲೀಸಪ್ಪನ ತನಕ ಎಲ್ಲರಿಗೂ ಎದುರುತ್ತರ ಕೊಡುವ ಅತ್ತೆ ಬಾಯಿ ಮುಚ್ಚಿಕೊಂಡು ನಡೆಯುವುದನ್ನು ನಾನು ನೋಡಿದ್ದು ಅದೇ ಮೊದಲು.

ಹನ್ನೆರಡಾಯಿತು. ಒಂದಾಯಿತು. ನನ್ನ ಬೆನ್ನು ಬಿದ್ದುಹೋಯಿತು.

"ಅತ್ತಿ, ಸಾಕಿನ್ನ. ಉಂಡು, ಹೊತ್ತು ತಂಪಾದ ಮ್ಯಾಲೆ ಬರೋಣು."

ಆಕೆ ತಿರುಗಿಯೂ ನೋಡಲಿಲ್ಲ. "ಯಾರರ ತುಳದ್ರ ಒಡೀತದ" ಅಂದಳು.

ಎರಡರ ಸುಮಾರಿಗೆ ನಡುವಿನ ಸಣ್ಣ ಸುತ್ತುಗಳಷ್ಟೇ ಉಳಿದಿದ್ದವು. ಕೋಲು ಒಮ್ಮೆ ಅರೆಮನಸ್ಸಿನಿಂದ ಗೊಣಗಿತು. ಇನ್ನೊಂದು ಗುಂಡು ಎಂದು ನಾನು ದಾಟಿ ಹೊರಟೆ. ಅತ್ತೆ ಅಲ್ಲೇ ನಿಂತಳು, ತಾನೇ ಮೊಣಕಾಲೂರಿ ಕೂತು ಬೆರಳಿನಿಂದ ಮರಳು ಸರಿಸಿದಳು. ಚರ್ಮದ ಬಣ್ಣದ್ದು ಏನೋ ಕಂಡಿತು. ಸೆರಗಿನಿಂದ ಒರೆಸಿ, ಊದಿ, ಅಂಗೈಯಲ್ಲಿಟ್ಟು ಮುಚ್ಚಿದಳು. ಮುಷ್ಟಿಯೊಳಗಿಂದ ಗುಬ್ಬಿಮರಿಯಂತೆ ಸಣ್ಣಗೆ 'ಕುಂಯ್' ಎಂದಿತು.

"ಜೀವ ಅದ!" ಎಂದು ತಾಯಿ ಮಗಳನ್ನು ಹತ್ತಿರ ಎಳೆದುಕೊಂಡು ಕೂತಳು.

ಅತ್ತೆ ಮೊದಲು ಕೋಲಿನ ಬಟನ್ ಬಂದ್ ಮಾಡಿದಳು. ತಾಯಿ ಅದನ್ನು ಮಗಳ ಕಿವಿಗೆ ಹಚ್ಚಿದಳು. ನಾವು ಮೂವರೂ ಆ ಸಣ್ಣ ಮುಖವನ್ನೇ ನೋಡುತ್ತ ಕೂತೆವು.

"ಏನು ಕೇಳಸ್ತದ, ನನ್ನವ್ವಾ?" ಎಂದಳು ಅತ್ತೆ.

ಹುಡುಗಿ ಆ ಕಡೆ ಈ ಕಡೆ ಕಿವಿಗೊಟ್ಟಳು. "ನೀರ" ಅಂದಳು. ತಾಯಿ ಕಣ್ಣೊರೆಸಿಕೊಂಡಾಗ ಕೈಬಳೆ ಕಿಣಿಗುಟ್ಟಿತು; "ಬಳಿ" ಅಂದಳು. ಆಮೇಲೆ ಅತ್ತೆಯ ಹತ್ತಿರ ಸರಿದು, ಎದೆಯ ಹತ್ತಿರ ಕಿವಿ ತಂದು ಬಹಳ ಹೊತ್ತು ಆಲಿಸಿದಳು. ಹುಬ್ಬು ಗಂಟಿಕ್ಕಿತು. ನನ್ನ ಕಡೆ ತಿರುಗಿ, ಅತ್ತೆಯನ್ನು ಬೆರಳಿನಿಂದ ತೋರಿಸಿ, ಒಂದೊಂದೇ ಮಾತನ್ನು ಹುಡುಕಿ ಜೋಡಿಸುತ್ತ ಹೇಳಿದಳು:

"ಆಯಿಗಿ... ದಮ್ಮ ಹತ್ಯಾದ."

ಆಗ ನನಗೂ ಕೇಳಿಸಿತು. ಅತ್ತೆಯ ಎದೆ ಹಳೇ ತಿದಿಯ ಹಾಗೆ ಸುಯ್ಯುತ್ತಿತ್ತು. ತುಟಿ ಒಣಗಿ ಬಿಳಚಿಕೊಂಡಿತ್ತು. ಎಷ್ಟು ದಿನದಿಂದ ಹೀಗೋ! ಭಾನುವಾರದ ಮೇಲೆ ಭಾನುವಾರ ಅವಳ ಬೆನ್ನ ಹಿಂದೆಯೇ ನಡೆದವನು ನಾನು.

"ಏನಿಲ್ಲೋ, ಬಿಸಲಿಗಿ ಹಂಗಾಗ್ತದ" ಅಂದಳು, ನನ್ನ ಮುಖ ನೋಡಿ.

ನಾನು ಕೋಲನ್ನು ಅವಳ ಕೈಯಿಂದ ತೆಗೆದುಕೊಂಡೆ. ಇಷ್ಟು ಭಾರವಿದೆಯೆಂದು ಗೊತ್ತಿರಲಿಲ್ಲ. ತಾಯಿ ತಂಬಿಗೆಯಲ್ಲಿ ನೀರು ತಂದಳು. ಅತ್ತೆ ಗುಟುಕು ಗುಟುಕಾಗಿ ಕುಡಿದಳು. ಹುಡುಗಿ ಅವಳ ಗಂಟಲಿನಲ್ಲಿ ನೀರು ಇಳಿಯುವ ಸದ್ದು ಕೇಳುತ್ತ ಒತ್ತಿಕೊಂಡೇ ಕೂತಿದ್ದಳು. ನಾನು ನನ್ನ ತಲೆಯ ಟವೆಲ್ಲು ಬಿಚ್ಚಿ ಅವರಿಬ್ಬರ ಮೇಲೆ ನೆರಳು ಹಿಡಿದು ನಿಂತೆ.