ಡ್ರೈಯರ್ ಡಬ್ಬಿಯ ಬಾಯಿ ತೆರೆದ ಅಧಿಕಾರಿಗಳಿಗೆ

ಶಹಾಬಾದ, ಆಷಾಢದ ಗುರುವಾರ, 1983

ಫರಸಿ ಕಾರ್ಖಾನೆಯ ಉಗ್ರಾಣಾಧಿಕಾರಿಗಳೂ, ಬಿಚ್ಚಿ ನೋಡದೆ ಏನನ್ನೂ ನಂಬದವರೂ ಆದ ಬಸವಂತರಾಯರ ಸನ್ನಿಧಿಗೆ, ಅದೇ ಉಗ್ರಾಣದ ಮೂಲೆ ಮೇಜಿನ ಗುಮಾಸ್ತೆ ರತ್ನಾಬಾಯಿಯ ಸವಿನಯ ವಂದನೆಗಳು.

ಮಾನ್ಯರೇ,

ಇಂದು ಬೆಳಿಗ್ಗೆ ತಾವು ಒಳಗೆ ಬಂದಾಗ ತಮ್ಮ ಕೊಡೆ ನೆಲದ ಫರಸಿಯ ಮೇಲೆ ಎಂದಿನಂತೆ ಟಕ್ ಟಕ್ ಎನ್ನಲಿಲ್ಲ. ತಲೆಯೆತ್ತಿ ನೋಡಿದರೆ ಅದರ ತುದಿಗೆ ಕಪ್ಪು ರಬ್ಬರಿನ ಮುಚ್ಚಳ. ಕಾರ್ಖಾನೆಯ ಮಾಲೀಕರಾದ ಸಾಹುಕಾರರ ಕಾರಿನ ಏರ್ ಕಂಡೀಷನರ್ ರಿಪೇರಿಗೆಂದು ಹೈದರಾಬಾದಿನಿಂದ ತರಿಸಿದ ಡ್ರೈಯರ್ ಡಬ್ಬಿಯ ಎರಡು ಬಾಯಿಗಳಲ್ಲಿ ಒಂದನ್ನು ಹೋದ ವಾರದವರೆಗೆ ಅದು ಮುಚ್ಚಿತ್ತು. ಕಾರ್ಖಾನೆಯ ಯಾವ ವಸ್ತುವೂ ವ್ಯರ್ಥವಾಗಬಾರದೆಂಬ ತಮ್ಮ ಕಾಳಜಿಗೆ ಶರಣು.

ತಂಪು ಮಾಡುವ ಗ್ಯಾಸಿನೊಳಗೆ ಸೇರಿಕೊಂಡ ತೇವವನ್ನು ಆ ಡಬ್ಬಿಯೊಳಗಿನ ಕಾಳುಗಳು ಹೀರಿಕೊಳ್ಳುತ್ತವೆಂದೂ, ಕೊಳವೆ ಬಿಚ್ಚಿದಾಗಲೆಲ್ಲ ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕೆಂದೂ, ಹೊಸದರ ಮುಚ್ಚಳವನ್ನು ಜೋಡಿಸುವ ಗಳಿಗೆಯಲ್ಲಷ್ಟೇ ತೆಗೆಯಬೇಕೆಂದೂ ನಮ್ಮ ಮೆಕ್ಯಾನಿಕ್ ಫಕೀರಸಾಬರು ಹೇಳಿದ್ದರು. ಆದರೆ ಉಗ್ರಾಣಕ್ಕೆ ಬಂದದ್ದನ್ನೆಲ್ಲ ಬಿಚ್ಚಿ ನೋಡಿಯೇ ಠಸ್ಸೆ ಒತ್ತಬೇಕೆಂಬುದು ತಮ್ಮ ನಿಯಮ. ಹೋದ ವಾರ ಸೋಮವಾರ ತಾವು ಮುಚ್ಚಳಗಳನ್ನು ಕಿತ್ತು, ಒಂದು ಕಣ್ಣು ಮುಚ್ಚಿ ಇಣುಕಿ, ಕಿರುಬೆರಳು ತೂರಿಸಿ, ಕೊನೆಗೆ ಊದಿಯೂ ನೋಡಿದಿರಿ.

“ಸಾಹೇಬ್ರ, ಕೈ ಮುಗೀತೀನ್ರಿ, ಅದರ ಬಾಯಿ ಮುಚ್ರಿ. ಗಾಳ್ಯಾಗಿನ ನೀರೆಲ್ಲ ಕುಡದು ಕುಂದರತದ,” ಎಂದು ಫಕೀರಸಾಬರು ಅಂಗಲಾಚಿದರು. “ಶಹಾಬಾದದ ಗಾಳ್ಯಾಗ ನೀರಿದ್ದರ ನಮ್ಮ ಮನ್ಯಾಗಿನವರು ನಳದ ಮುಂದ ಯಾಕ ಪಾಳಿ ಹಚ್ತಿದ್ದರೋ, ಫಕೀರ್ಯಾ?” ಎಂದು ತಾವು ನಕ್ಕಾಗ, ಹೇಳಲು ನಾಚಿಕೆ, ನಾನೂ ಸೆರಗು ಅಡ್ಡ ಹಿಡಿದು ನಕ್ಕೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಠಸ್ಸೆಯ ಸರದಿ ಬರುವವರೆಗೆ, ಅಂದರೆ ಗುರುವಾರದ ತನಕ, ಡಬ್ಬಿ ಕಿಟಕಿಯಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು. ಆಮೇಲೆ “ಸುಮ್ನ ಹಾಕು” ಎಂದು ಫಕೀರಸಾಬರಿಗೆ ತಮ್ಮ ಅಪ್ಪಣೆಯಾಯಿತು.

ಭಾನುವಾರ ಸಾಹುಕಾರರು ಸಕುಟುಂಬರಾಗಿ ಚಿಂಚೋಳಿಗೆ ಹೊರಟರೆ, ಸೇಡಂ ದಾಟುವಷ್ಟರಲ್ಲಿ ತಂಪು ನಿಂತಿತು. ತೇವವು ಕೊಳವೆಯ ಸಣ್ಣ ಕಿಂಡಿಯಲ್ಲಿ ಮಂಜುಗಡ್ಡೆಯಾಗಿ ಕೂತಿತ್ತಂತೆ. ಅಂದು ಮಳೆಯೂ ಬರಲಿಲ್ಲ, ಕಿಟಕಿ ತೆರೆದರೆ ಸುಣ್ಣಗಲ್ಲಿನ ಧೂಳು. ಮರುದಿನವೇ ತಾವು ವರದಿ ಬರೆದಿರಿ: ಮುಚ್ಚಳ ಸಹಿತ ಕೊಟ್ಟ ಡಬ್ಬಿಯನ್ನು ಮೆಕ್ಯಾನಿಕ್ ಅಜಾಗರೂಕತೆಯಿಂದ ಕೆಡಿಸಿದ್ದಾನೆ, ಹತ್ತೊಂಬತ್ತು ವರ್ಷದ ನೌಕರಿಯಿಂದ ಅವನನ್ನು ತೆಗೆಯಬೇಕು. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು. ಅಂದಿನಿಂದ ಫಕೀರಸಾಬರು ಎದುರಾದರೆ ನಾನು ರಿಜಿಸ್ಟರಿನಲ್ಲಿ ಮುಖ ಹುದುಗಿಸುತ್ತೇನೆ.

ತಮ್ಮ ಪರೀಕ್ಷಾ ಪದ್ಧತಿ ಒಂದು ಡಬ್ಬಿಗೇ ನಿಲ್ಲಬಾರದೆಂದು ನನ್ನ ಪ್ರಾರ್ಥನೆ. ಕ್ಯಾಂಟೀನಿಗೆ ಬರುವ ಮೊಟ್ಟೆಗಳನ್ನೂ ಒಡೆದು, ಇಣುಕಿ, ಮತ್ತೆ ಮುಚ್ಚಿಸಿ ಕಳಿಸಬೇಕು. ಗೋಲಿ ಸೋಡಾವನ್ನು ಸೋಮವಾರ ತೆರೆಸಿ ಗುರುವಾರ ಕುಡಿಯಬೇಕು. ಚಿತ್ತಾಪುರದ ಕಡೆಯಿಂದ ಬರುವ ಮೋಡಗಳು ಗೇಟ್‌ಪಾಸ್ ತೋರಿಸಿ, ತೇವವು ಹೆಬ್ಬೆಟ್ಟು ಒತ್ತಿಯೇ ಒಳಗೆ ಬರುವಂತೆ ಸುತ್ತೋಲೆ ಹೊರಡಿಸಿದರೆ, ಮುಂದೆ ಯಾವ ಮೆಕ್ಯಾನಿಕ್ಕನೂ ಗಾಳಿಯ ಮೇಲೆ ಚಾಡಿ ಹೇಳಲಾರ.

ಬಿ.ಎ.ಯಲ್ಲಿ ಸಾಹಿತ್ಯ ಓದಿದ್ದರೂ ನಾಲ್ಕು ಜನರ ಮುಂದೆ ನನ್ನ ಹೆಸರು ಹೇಳುವಷ್ಟರಲ್ಲೇ ಗಂಟಲು ಒಣಗುತ್ತದೆ; ಆ ವಿಷಯದಲ್ಲಿ ನಾನು ಯಾವ ಡ್ರೈಯರಿಗೂ ಕಡಿಮೆಯಿಲ್ಲ. ಅದು ತಮಗೂ ಗೊತ್ತಿರುವುದರಿಂದಲೇ ಸಾಕ್ಷಿಗೆ ನನ್ನನ್ನು ಆರಿಸಿದಿರಿ. ಆದರೂ ನನ್ನ ಹೆಸರಿನಲ್ಲಿ ತಾವೇ ಬರೆದ ಹೇಳಿಕೆಗೆ ನಾನು ಸಹಿ ಹಾಕುವುದಿಲ್ಲ. ಶನಿವಾರದ ವಿಚಾರಣೆಯಲ್ಲಿ ಸಾಹುಕಾರರ ಎದುರು ಎದ್ದು ನಿಂತು, ಡಬ್ಬಿಯ ಬಾಯಿ ತೆರೆದವರು ಯಾರೆಂದು ನನ್ನ ಬಾಯಿಂದಲೇ ಹೇಳುವುದೆಂದು ತೀರ್ಮಾನಿಸಿದ್ದೇನೆ.

ಇಂತಿ, ಮೊನ್ನೆಯವರೆಗಿನ ತಮ್ಮ ವಿಶ್ವಾಸಿ,
ರತ್ನಾಬಾಯಿ

ತಾ.ಕ.: ತಾವು ಬರೆದುಕೊಟ್ಟ ಹೇಳಿಕೆಯಲ್ಲಿ ‘ಜವಾಬ್ದಾರಿ’ ಎಂಬ ಪದ ನಾಲ್ಕು ಕಡೆ ಬಂದಿದೆ, ನಾಲ್ಕೂ ಕಡೆ ಬೇರೆ ಬೇರೆ ರೀತಿಯಲ್ಲಿ ಕಾಗುಣಿತ ತಪ್ಪಿದೆ. ಬಳಕೆಯಿಲ್ಲದ ಪದವಾದ್ದರಿಂದ ಹೀಗಾಗಿರಬೇಕೆಂದು ಭಾವಿಸಿ, ತಿದ್ದದೆ ಹಿಂದಿರುಗಿಸಿದ್ದೇನೆ.